ಲಾಕ್ ಇದೆ ಅಂತ ಹೇಳಿರಲಿಲ್ಲ

ನಮ್ಮ ಪಿಕಪ್‌ನ ಹಿಂಬದಿಯಲ್ಲಿ ಶಬ್ದ ಬರುತ್ತಿದೆ ಎಂದು ಮೊದಲು ಹೇಳಿದವರು ಅಪ್ಪಯ್ಯ. ಮೃಗಶಿರಾ ಮಳೆ ಆಗಷ್ಟೇ ಹಿಡಿದಿತ್ತು. ಡಯಾಲಿಸಿಸ್‌ಗೆಂದು ಅವರನ್ನು ಪೇಟೆಗೆ ಕರೆದುಕೊಂಡು ಹೊರಟಿದ್ದೆ. ಟಾರು ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದ ಮೇಲೆ ಅವರು ಕಿಟಕಿಯ ಗಾಜು ಏರಿಸಿ, ತಲೆ ಓರೆ ಮಾಡಿ ಕೂತರು.

"ಎಂಥದೋ ಗೊಣಗ್ತದಲ್ಲೇ ಇದು."

"ಹಳೇ ಗಾಡಿ ಅಪ್ಪಯ್ಯ, ಗೊಣಗದೆ ಇರ್ತದಾ?" ಎಂದೆ. ಗೊಣಗುವುದು ಅವರಿಗೂ ಅಭ್ಯಾಸ. ಇಬ್ಬರೂ ನಕ್ಕೆವು, ಮಾತು ಅಲ್ಲಿಗೇ ಬಿತ್ತು.

ನಮ್ಮ ಮನೆ ತೀರ್ಥಹಳ್ಳಿ ಸೀಮೆಯಲ್ಲಿ, ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ತೋಟದ ತಗ್ಗಿನಿಂದ ಮೇಲೆ ಬರುವಲ್ಲಿ ಒಂದು ಚಡಾವು ಇದೆ. ಬೇಸಿಗೆಯಲ್ಲಿ ಆಟೋ ಕೂಡ ಇಳಿದು ಬರುತ್ತದೆ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಸೋಪು ಸವರಿದ ಹಾಗಾಗಿ, ಬಾಡಿಗೆ ಜೀಪಿನವರೇ ಮೇಲೆ ನಿಲ್ಲಿಸಿಕೊಂಡು "ನೀವೇ ಹತ್ತಿ ಬನ್ನಿ" ಎನ್ನುತ್ತಾರೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅಪ್ಪಯ್ಯ ಬೆಳಿಗ್ಗೆ ಏಳಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕು. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ರಾತ್ರಿ ಮಲಗಲು ಆಗುವುದಿಲ್ಲ, ಕೂತೇ ಬೆಳಗು ಮಾಡುತ್ತಾರೆ.

ಅಣ್ಣ ನಾಲ್ಕು ವರ್ಷದ ಹಿಂದೆ ಈ ಪಿಕಪ್ ಕೊಂಡದ್ದು ಆ ಚಡಾವನ್ನು ನೋಡಿಯೇ. 2008ರ ಮಾಡೆಲ್. ಫೋರ್ ವೀಲ್ ಅಲ್ಲ, ಎಳೆತ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಆದರೆ ಹಿಂದಿನ ಮಾಲೀಕರು ಅದನ್ನು ಕಾಫಿ ಎಸ್ಟೇಟಿನಲ್ಲಿ ಓಡಿಸುತ್ತಿದ್ದವರು. ಕೆಸರಿಗೆ ಬೇಕು ಎಂದು ತಾನಾಗಿಯೇ ಲಾಕ್ ಆಗುವ ಡಿಫರೆನ್ಷಿಯಲ್ ಅನ್ನು ಹೊರಗಿನಿಂದ ತರಿಸಿ ಹಿಂದಿನ ಆಕ್ಸಲ್‌ಗೆ ಹಾಕಿಸಿದ್ದರು. "ಇದಕ್ಕೆ ಲಾಕ್ ಇದೆ" ಎಂದು ಇಪ್ಪತ್ತು ಸಾವಿರ ಹೆಚ್ಚು ಕೇಳಿದರು, ಅಣ್ಣ ಕೊಟ್ಟ. ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಇಂಗ್ಲಿಷ್ ಪುಸ್ತಿಕೆ ಬಂತು. ಅದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಆಸ್ಪತ್ರೆ ಚೀಟಿಗಳ ಅಡಿಯಲ್ಲಿ ಉಳಿಯಿತು.

ಒಂದು ವಾರ ಕಳೆಯುವಷ್ಟರಲ್ಲಿ ಶಬ್ದ ಒಂದಲ್ಲ, ನಾಲ್ಕು ಎಂದು ಗೊತ್ತಾಯಿತು. ಅಂದರೆ ಈಗ ಗೊತ್ತು. ಆಗ ನಮಗೆ ಕೇಳಿಸಿದ್ದು ಒಟ್ಟಾರೆ "ಹಿಂದೆ ಏನೋ ಹೋಗಿದೆ" ಎಂಬುದು ಮಾತ್ರ. ಅಣ್ಣ ಪೇಟೆಯ ದೊಡ್ಡ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದ. ಅವರು ಒಂದು ಸುತ್ತು ಓಡಿಸಿ ಬಂದು "ಕ್ರೌನ್ ಪಿನಿಯನ್ ಹೋಗಿದೆ" ಎಂದರು. ಅಣ್ಣ "ಇದಕ್ಕೆ ಲಾಕ್ ಬೇರೆ ಇದೆ" ಎಂದದ್ದೇ ತಡ, ಲೆಕ್ಕ ಮೇಲೇರಿತು. ಅಸೆಂಬ್ಲಿ ಪೂರ್ತಿ ಬದಲಾಯಿಸಿದರೆ 65 ಸಾವಿರ. ಅದು ಬೇಡವಾದರೆ ಲಾಕ್ ಕಿತ್ತು ಗುಜರಿಯ ಸಾದಾ ಡಿಫರೆನ್ಷಿಯಲ್ ಕೂರಿಸುವುದು, 22 ಸಾವಿರ. ಯಾವುದನ್ನೂ ಬಿಚ್ಚಿ ನೋಡಿರಲಿಲ್ಲ.

ಕೊಳೆಗೆ ಬೋರ್ಡೋ ಹೊಡೆಸುವ ಸಮಯ ಅದು. ಮೈಲುತುತ್ತಕ್ಕೆ, ಹೊಡೆಯುವವರ ಕೂಲಿಗೆ ಎಂದು ಸೊಸೈಟಿಯಲ್ಲಿ ಸಾಲ ಎತ್ತಿ ಆಗಿತ್ತು. 65 ಸಾವಿರದ ಮಾತೇ ಇರಲಿಲ್ಲ. ಸಾದಾ ಹಾಕಿಸೋಣ ಎಂದು ಅಣ್ಣ ಅರೆಮನಸ್ಸಿನಲ್ಲಿ ಹೇಳಿದ. ಅತ್ತಿಗೆ ಅಡುಗೆಮನೆಯಿಂದಲೇ "ಹಾಗಾದ್ರೆ ಮಾವನ್ನ ಹೊತ್ಕೊಂಡು ಹತ್ತುವುದು ಯಾರು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಕೊನೆಗೆ ನಾವು ಹೋದದ್ದು ಮೊದಲಿನಿಂದಲೂ ನಮ್ಮ ಗಾಡಿ ನೋಡುವ ರಸ್ತೆ ಬದಿಯ ಗ್ಯಾರೇಜಿಗೆ. ಮೇಸ್ತ್ರಿಗೆ ಐವತ್ತು ದಾಟಿದೆ; ಜೊತೆಗೆ ಐಟಿಐ ಮುಗಿಸಿದ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆ. ಹೊರಡುವಾಗ ಅಣ್ಣ ನನಗೆ ಒಂದು ಮಾತು ಹೇಳಿದ: "ಲಾಕ್ ಗೀಕ್ ಅಂತ ಬಾಯಿ ಬಿಡ್ಬೇಡ ಮಾರಾಯ್ತಿ. ಹೇಳಿದ ಕೂಡಲೆ ರೇಟು ಏರಿಸ್ತಾರೆ." ನಾನು ಹೂಂ ಎಂದೆ. ಹೂಂ ಎಂದದ್ದು ಅವನ ಮಾತಿಗೆ ಕಟ್ಟುಬಿದ್ದು ಅಲ್ಲ. ನನಗೂ ಸರಿ ಎನಿಸಿತ್ತು.

ಆರಿದ್ರಾ ಮಳೆಯ ಒಂದು ಮಧ್ಯಾಹ್ನ, ಅಣ್ಣ ತೋಟದಲ್ಲಿ, ನಾನೊಬ್ಬಳೇ ಗಾಡಿ ತಂದಿದ್ದೆ. ಮೇಸ್ತ್ರಿ ಎಂದಿನ ಹಾಗೆ ಹಿಂದಿನ ಎಡಚಕ್ರದ ಹತ್ತಿರ ಬಾಟಲ್ ಜಾಕ್ ಕೊಟ್ಟು ಆ ಒಂದು ಚಕ್ರವನ್ನು ನೆಲದಿಂದ ಎತ್ತಿದರು. ಬಲಚಕ್ರ ನೆಲದ ಮೇಲೇ ಇತ್ತು. ಸಾದಾ ಗಾಡಿಗೆ ಎಲ್ಲ ಕಡೆ ಮಾಡುವುದೇ ಹೀಗೆ. ಗೇರ್ ಹಾಕಿದರೆ ಎತ್ತಿದ ಚಕ್ರ ಮಾತ್ರ ಸುಮ್ಮನೆ ತಿರುಗುತ್ತದೆ, ನೆಲದ ಮೇಲಿನದು ಕದಲುವುದಿಲ್ಲ. ಹುಡುಗ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಆಕ್ಸಲ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಡಾಕ್ಟರ ಸ್ಟೆತಸ್ಕೋಪಿನ ಬದಲು ಗ್ಯಾರೇಜಿನಲ್ಲಿ ಅದು.

"ತಂಗೀ, ಒಂದನೇ ಗೇರ್ ಹಾಕಿ ನಿಧಾನ ಕ್ಲಚ್ ಬಿಡಿ."

ಬಿಟ್ಟೆ. ಚಕ್ರ ತಿರುಗಿತು. ಗಾಡಿ ನಿಂತಲ್ಲೇ ನಿಂತಿತ್ತು.

"ಇನ್ನು ಸ್ವಲ್ಪ ರೇಸ್ ಕೊಡಿ."

ಕೊಟ್ಟೆ. ಹಿಂದಿನಿಂದ 'ಟಕ್' ಎಂದಿತು. ಗಾಡಿ ಒಮ್ಮೆಲೇ ಮುಂದಕ್ಕೆ ಹಾರಿತು. ಜಾಕ್ ಉರುಳಿತು, ಹಿಂದುಗಡೆ ಧಡ್ ಎಂದು ನೆಲಕ್ಕೆ ಬಿತ್ತು, ಮುಂದೆ ಇದ್ದ ಖಾಲಿ ಡ್ರಮ್ಮಿಗೆ ಬಂಪರ್ ಹೊಡೆದ ಮೇಲೆ ಎಂಜಿನ್ ಆಫ್ ಆಯಿತು. ಬ್ರೇಕ್ ಒತ್ತಿದೆನೋ ಇಲ್ಲವೋ ನೆನಪಿಲ್ಲ. ಇಳಿದು ನೋಡಿದರೆ ಹುಡುಗ ಹಿಂದಕ್ಕೆ ಅಂಗಾತ ಬಿದ್ದಿದ್ದ. ಸ್ಕ್ರೂಡ್ರೈವರ್ ಚಕ್ರದ ಅಡಿಯಲ್ಲಿ ಬಾಗಿ ಹೋಗಿತ್ತು. ಅವನ ಕೈ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಒಂದು ಗೇಣು ಅಂದರೆ ಎಷ್ಟು ಎಂದು ನನಗೆ ಅವತ್ತು ತಿಳಿಯಿತು. ಮೇಸ್ತ್ರಿ ನನ್ನ ಮುಖ ನೋಡಿದರು. "ಇದೆಂಥ ಡಿಫ್ರೆನ್ಷಿಯಲ್?"

"ಲಾಕ್ ಇದೆ," ಎಂದೆ.

"ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಗಿದ ಸ್ಕ್ರೂಡ್ರೈವರ್ ಎತ್ತಿ ನೋಡಿ ಹುಡುಗನ ಕೈಗೆ ಕೊಟ್ಟು "ಚಾ ಕುಡ್ಕೊಂಡು ಬಾ ಹೋಗು" ಎಂದರು. ನನಗೆ ಹೇಳಿದ್ದು ಇಷ್ಟೇ: "ಇಂಥದ್ದು ನಾನು ಬಿಚ್ಚಿದವನಲ್ಲ. ನೀವು ಹೇಳಿದ್ರೆ ಎರಡೂ ಚಕ್ರ ಎತ್ತುತ್ತಿದ್ದೆ."

ಗ್ರಾಮೀಣ ಪತ್ರಿಕೋದ್ಯಮದ ಕೋರ್ಸಿನಲ್ಲಿ ಕಲಿತು, ಹಳ್ಳಿ ಹಳ್ಳಿ ತಿರುಗಿ, ಅಧಿಕಾರಿಗಳು ಮಾಹಿತಿ ಮುಚ್ಚಿಟ್ಟರು ಎಂದು ಹಲವು ಸಲ ಬರೆದವಳು ನಾನು. ಅದನ್ನು ಬಿಡಿಸಿ ಹೇಳುವುದು ಬೇಡ.

ಅವತ್ತು ರಾತ್ರಿ ಆಸ್ಪತ್ರೆ ಚೀಟಿಗಳ ಅಡಿಯಿಂದ ಆ ಪುಸ್ತಿಕೆ ತೆಗೆದು ಓದಿದೆ. ಅಪ್ಪಯ್ಯನಿಗೆ ಅರ್ಥ ಮಾಡಿಸಲು ಹೋಗಿ ನನಗೇ ಅರ್ಥವಾಯಿತು. ಅವರು ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ಅಡಿಕೆ ಮೂಟೆ ಸಾಗಿಸಿದವರು. ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳೆರಡೂ ಅಚ್ಚಿನ ಮೇಲೆ ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತು ಹಾಕಿದರೆ ಒಳಗಿನದಕ್ಕೆ ಏನೂ ತೊಂದರೆ ಇಲ್ಲ, ಏಕೆಂದರೆ ಎಳೆಯುವುದು ಎತ್ತು. ಮೋಟಾರು ಗಾಡಿಯಲ್ಲಿ ಚಕ್ರವನ್ನೇ ತಿರುಗಿಸಬೇಕು. ಎರಡು ಚಕ್ರದ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ, ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಒಂಬತ್ತು ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಸುತ್ತು ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಅಷ್ಟೇ. ಒಂದೇ ಸರಳಿಗೆ ಎರಡನ್ನೂ ಬಿಗಿದರೆ ಒಂದು ಟಯರು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಅದಕ್ಕಾಗಿ ನಡುವೆ ಡಿಫರೆನ್ಷಿಯಲ್.

ಅದರ ದೌರ್ಬಲ್ಯ ನಮ್ಮ ಕಡೆಯವರಿಗೆಲ್ಲ ಗೊತ್ತು. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಲ್ಲುತ್ತದೆ. ಟ್ರ್ಯಾಕ್ಟರಿನಲ್ಲಿ ಕಾಲಲ್ಲಿ ಒತ್ತುವ ಲಾಕ್ ಇರುವುದು ಇದಕ್ಕೇ. ನಮ್ಮ ಪಿಕಪ್‌ನಲ್ಲಿ ಒತ್ತುವಂಥದ್ದು ಏನೂ ಇಲ್ಲ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ, ಒಳಗೆ ಒಂದು ಸಣ್ಣ ಗವರ್ನರಿನ ತೂಕಗಳು ಹೊರಕ್ಕೆ ಚಿಮ್ಮಿ ಒಂದು ಕೊಕ್ಕೆಗೆ ಸಿಕ್ಕಿಬೀಳುತ್ತವೆ. ಆಗ ಒಂದು ಕ್ಯಾಮ್ ಏರಿ ಕ್ಲಚ್ ಪ್ಲೇಟುಗಳನ್ನು ಅದುಮುತ್ತದೆ, ಎರಡೂ ಚಕ್ರ ಒಂದಾಗಿ ತಿರುಗುತ್ತವೆ. ಗಾಡಿ ಗಂಟೆಗೆ ಸುಮಾರು 32 ಕಿಲೋಮೀಟರ್ ದಾಟಿದರೆ ಆ ಕೊಕ್ಕೆಯೇ ದೂರ ಸರಿದು ಲಾಕ್ ಆಗದಂತೆ ಮಾಡುತ್ತದೆ. ಇದೇ ತತ್ವದ ಲಾಕ್ ಅನ್ನು ಅಮೆರಿಕದ ಈಟನ್ ಕಂಪನಿ 1973ರಿಂದ ಜನರಲ್ ಮೋಟರ್ಸ್ ಪಿಕಪ್‌ಗಳಿಗೆ ಮಾಡಿಕೊಡುತ್ತ ಬಂದಿದೆ. ನಮ್ಮಲ್ಲೂ 2015ರ ಥಾರ್‌ನ ಹಿಂದಿನ ಆಕ್ಸಲ್‌ಗೆ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಬಂತು.

ಇಷ್ಟು ತಿಳಿದ ಮೇಲೆ ಗ್ಯಾರೇಜಿನಲ್ಲಿ ನಡೆದದ್ದು ಬರೀ ಲೆಕ್ಕ. ಒಂದು ಚಕ್ರ ನೆಲದ ಮೇಲೆ ನಿಂತಿದ್ದರೆ ಎತ್ತಿದ ಚಕ್ರ ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ. ಒಂದನೇ ಗೇರಿನಲ್ಲಿ, ರೇಸ್ ಕೊಡದೆ ಇದ್ದಾಗ ಅದು ನಿಮಿಷಕ್ಕೆ ನೂರರ ಅಂಚಿನಲ್ಲಿ ಇದ್ದಿರಬೇಕು. ನಾನು ಕಾಲು ಒತ್ತಿದೆ, ನೂರು ದಾಟಿತು, ಲಾಕ್ ತನ್ನ ಕೆಲಸ ಮಾಡಿತು. ನೆಲದ ಮೇಲಿದ್ದ ಚಕ್ರ ಗಾಡಿಯನ್ನು ತಳ್ಳಿತು. ಪುಸ್ತಿಕೆಯ ಮೂರನೇ ಪುಟದಲ್ಲೇ, ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ ಅದೇ ಇತ್ತು: ಒಂದು ಚಕ್ರ ನೆಲದ ಮೇಲಿರುವಾಗ ಎಂಜಿನ್‌ನಿಂದ ಇನ್ನೊಂದನ್ನು ತಿರುಗಿಸಬೇಡಿ.

ಮರುದಿನ ಪುಸ್ತಿಕೆ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಮೊದಲು ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವನು ಬೋಲ್ಟ್ ಉಜ್ಜುತ್ತ "ಹೂಂ ಅಕ್ಕ" ಎಂದ, ತಲೆ ಎತ್ತಲಿಲ್ಲ. ಮೇಸ್ತ್ರಿ ಪುಸ್ತಿಕೆಯ ಚಿತ್ರಗಳನ್ನು ತುಂಬ ಹೊತ್ತು ನೋಡಿ, "ನೀವು ಓದಿ ಹೇಳಿ, ನಾನು ಬಿಚ್ತೇನೆ. ಆದ್ರೆ ಸುಮ್ಮನೆ ಬಿಚ್ಚುವುದು ಬೇಡ. ಶಬ್ದ ಯಾವಾಗ ಬರ್ತದೆ ಅಂತ ಸರಿಯಾಗಿ ನೋಡಿ ಬನ್ನಿ" ಎಂದರು.

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ — ಕೋರ್ಸಿನ ಮೊದಲ ವಾರದ ಪಾಠ. 'ಏಕೆ'ಯನ್ನು ಮೊದಲೇ ಕೇಳಿದರೆ ಜನ ತಮಗೆ ತೋಚಿದ್ದು ಹೇಳುತ್ತಾರೆ, ಕೊನೆಗೆ ಕೇಳಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ವರ್ಕ್‌ಶಾಪಿನವರು ಮೊದಲೇ 'ಏಕೆ'ಗೆ ಹಾರಿದ್ದರು, ನಾವೂ ಅವರ ಹಿಂದೆಯೇ ಹಾರಿದ್ದೆವು. ಒಂದು ನೋಟ್‌ಬುಕ್ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ಎರಡು ದಿನ ಬರೀ 'ಯಾವಾಗ', 'ಎಲ್ಲಿ' ಬರೆದೆ.

ಚಡಾವು ಹತ್ತುವಾಗ ಒಂದು ಚಕ್ರ ಜಾರಿದ ಕ್ಷಣಕ್ಕೆ 'ಟಕ್', ಆಮೇಲೆ ಗಾಡಿ ನೆಟ್ಟಗೆ ಏರುತ್ತದೆ. ಇದು ರೋಗ ಅಲ್ಲ, ಲಾಕ್ ಹಿಡಿದ ಶಬ್ದ. ನಾಲ್ಕು ವರ್ಷದಿಂದ ಇದ್ದದ್ದೇ. ಬೇರೆ ಶಬ್ದಗಳು ಶುರುವಾದ ಮೇಲೆ ಇದಕ್ಕೂ ಹೆದರತೊಡಗಿದ್ದೆವು. ಎರಡನೆಯದು, ಆಸ್ಪತ್ರೆಯ ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಬರುವಾಗ 'ಕೊರ್ರ್, ಕೊರ್ರ್' ಎಂದು ಹಿಂಬದಿ ನಡುಗುವುದು. ಲಾಕ್ ಆಗುತ್ತಿದೆಯೇ ಎಂದುಕೊಂಡೆ. ಆದರೆ ಹತ್ತು ಕಿಲೋಮೀಟರ್ ವೇಗದ ಬಿಗಿ ತಿರುವಿನಲ್ಲಿ ಎರಡು ಚಕ್ರಗಳ ವ್ಯತ್ಯಾಸ ನಿಮಿಷಕ್ಕೆ ಇಪ್ಪತ್ತು ಸುತ್ತಿನ ಆಸುಪಾಸು. ನೂರರ ಹತ್ತಿರವೂ ಬರುವುದಿಲ್ಲ. ಹಾಗಾದರೆ ಕ್ಲಚ್ ಪ್ಲೇಟುಗಳು ಜಾರಬೇಕಾದಲ್ಲಿ ಅಂಟಿ ಅಂಟಿ ಬಿಡುತ್ತಿರಬೇಕು. ಮೂರನೆಯದು, ಮುಂದಿನಿಂದ ರಿವರ್ಸ್‌ಗೆ ಹಾಕಿದಾಗ ಒಮ್ಮೆ 'ಠಣ್'. ಮೇಸ್ತ್ರಿ ಅಡಿಗೆ ಮಲಗಿ ಜಾಯಿಂಟ್ ಶಾಫ್ಟ್ ಹಿಡಿದು ಅಲ್ಲಾಡಿಸಿದರು, ಹಿಂದಿನ ಕ್ರಾಸ್ ಸವೆದಿತ್ತು, ಗ್ರೀಸ್ ಕಂಡು ಎಷ್ಟು ಕಾಲವಾಗಿತ್ತೋ. ಅದಕ್ಕೆ ಎರಡು ಮಾತಿಲ್ಲ.

ಉಳಿದದ್ದು ನಾಲ್ಕನೆಯದು, ಅಪ್ಪಯ್ಯ ಮೊದಲು ಕೇಳಿದ್ದು. ನಲವತ್ತರ ಮೇಲೆ 'ಗುಂಯ್' ಎನ್ನುವ ಗೊಣಗು. ವರ್ಕ್‌ಶಾಪಿನವರು ಕ್ರೌನ್ ಪಿನಿಯನ್ ಎಂದದ್ದು ಇದಕ್ಕೇ. ಆದರೆ ಕ್ರೌನ್ ಪಿನಿಯನ್ ಸವೆದಿದ್ದರೆ ಎಳೆತಕ್ಕೆ ಸರಿಯಾಗಿ ಶಬ್ದ ಬದಲಾಗಬೇಕು: ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು. ನಮ್ಮದು ಒತ್ತಿದರೂ ಅದೇ, ಬಿಟ್ಟರೂ ಅದೇ, ನೇರ ರಸ್ತೆಯಲ್ಲಿ ಕ್ಲಚ್ ಒತ್ತಿ ಹಾಗೇ ಹರಿಯಲು ಬಿಟ್ಟರೂ ಅದೇ. ಇಷ್ಟು ಬರೆದುಕೊಂಡು ನಿಂತುಬಿಟ್ಟಿದ್ದೆ.

ಶುಕ್ರವಾರ ಡಯಾಲಿಸಿಸ್ ಮುಗಿಸಿ ಬರುವಾಗ ಅಪ್ಪಯ್ಯ ಕಣ್ಣು ಮುಚ್ಚಿಕೊಂಡಿದ್ದರು. ಆ ದಿನಗಳಲ್ಲಿ ಅವರಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಘಟ್ಟದ ಕಡೆಯ ತಿರುವುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ನಿದ್ದೆ ಹೋದರೆಂದುಕೊಂಡಿದ್ದೆ.

"ಬಲಕ್ಕೆ ಹೊಡೆದಾಗ ಜಾಸ್ತಿ," ಎಂದರು.

"ಎಂತ?"

"ಬಲಕ್ಕೆ ಹೊಡೆದಾಗ ಗೊಣಗು ಜಾಸ್ತಿ. ಎಡಕ್ಕೆ ಹೊಡೆದಾಗ ಇಲ್ಲವೇ ಇಲ್ಲ. ನನ್ನ ಹಿಂದುಗಡೆಯಿಂದಲೇ ಬರ್ತದೆ. ಗಾಡಿಯಲ್ಲೂ ಹಾಗೇ, ಹೊರೆ ಯಾವ ಬದಿಗೆ ವಾಲ್ತದೋ ಆ ಬದಿ ಚಕ್ರ ಕೂಗ್ತದೆ. ಕೀಲೆಣ್ಣೆ ಬಿಟ್ಟು ನೋಡಿ."

ಮತ್ತೆ ಕಣ್ಣು ಮುಚ್ಚಿದರು. ಗಾಡಿ ಬಲಕ್ಕೆ ತಿರುಗಿದರೆ ಭಾರ ಎಡಕ್ಕೆ ವಾಲುತ್ತದೆ. ಮುಂದಿನ ನೇರದಲ್ಲಿ ಎದುರಿಗೆ ಯಾರೂ ಇಲ್ಲದ್ದು ನೋಡಿ ಸ್ಟೇರಿಂಗ್ ಅನ್ನು ಮೆಲ್ಲಗೆ ಆಚೆ ಈಚೆ ಮಾಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಎಡಗಡೆಯ ಹಿಂದಿನ ಬೇರಿಂಗ್.

ಮೇಸ್ತ್ರಿ ಈ ಸಲ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ತಳ್ಳಿ ನೋಡಿದ ಮೇಲೆಯೇ ಹತ್ತಿರ ಹೋದದ್ದು. ಕೀಲಿಯನ್ನು ಹುಡುಗನ ಜೇಬಿಗೆ ಹಾಕಿದರು. ಎಡಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ನನ್ನ ಕೈಯನ್ನು ಪ್ಲೇಟಿನ ಮೇಲೆ ಇಡಲು ಹೇಳಿದರು. ಮರಳು ಬಿದ್ದ ಬೀಸುಕಲ್ಲಿನ ಹಾಗೆ ಕೈಗೆ ಗೊರಗೊರ ಎಂದಿತು. ಬಲಗಡೆ ನುಣ್ಣಗಿತ್ತು.

ಡ್ರಮ್ ತೆಗೆದರೆ ಇನ್ನೊಂದು ಸಂಗತಿ ಕಾದಿತ್ತು. ಬೇರಿಂಗ್ ಅಲ್ಲಾಡಿ ಸೀಲ್ ಹರಿದು, ಆಯಿಲ್ ಇಳಿದು ಬ್ರೇಕ್ ಶೂ ಎಲ್ಲ ತೊಯ್ದಿತ್ತು. ಆ ಬದಿಯ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಅದೇ ಗಾಡಿಯಲ್ಲಿ ಆ ತಿರುವುಗಳನ್ನು ಅಪ್ಪಯ್ಯನನ್ನು ಕೂರಿಸಿಕೊಂಡು ಇಳಿದಿದ್ದೆ. 65 ಸಾವಿರ ಕೊಟ್ಟು ಅಸೆಂಬ್ಲಿಯೊಂದನ್ನೇ ಬದಲಾಯಿಸಿದ್ದರೆ ಈ ಬೇರಿಂಗ್, ಈ ಸೀಲ್ ಹಾಗೇ ಉಳಿಯುತ್ತಿತ್ತು.

ಹೌಸಿಂಗ್‌ನ ಆಯಿಲ್ ಇಳಿಸಿದೆವು. ಎರಡು ಲೀಟರಿಗೂ ಹೆಚ್ಚು ಇರಬೇಕಾದಲ್ಲಿ ಬಂದದ್ದು ಒಂದೂಕಾಲು ಲೀಟರ್. ಬೆಲ್ಲದ ಪಾಕದ ಹಾಗೆ ಮಂದ, ಸುಟ್ಟ ವಾಸನೆ. ಮೇಸ್ತ್ರಿ ಎರಡು ಬೆರಳಲ್ಲಿ ಉಜ್ಜಿ "ಇದು 140 ನಂಬರ್. ಯಾರು ಹಾಕಿದ್ದು?" ಎಂದು ಕೇಳಿದರು. ಅಣ್ಣ ಆ ಹೊತ್ತಿಗೆ ಬಂದಿದ್ದ. ಹೋದ ವರ್ಷ ಎಲ್ಲೋ ಸರ್ವಿಸ್ ಮಾಡಿಸುವಾಗ, ಆಯಿಲ್ ಕಡಿಮೆ ಇದೆ, ದಪ್ಪದ್ದು ಹಾಕಿದರೆ ಶಬ್ದ ಮುಚ್ಚಿಕೊಳ್ಳುತ್ತದೆ ಎಂದು ಅವರು ಹೇಳಿದ್ದರಂತೆ. "ಮುಚ್ಕೊಳ್ತದೆ, ಹೌದು," ಎಂದರು ಮೇಸ್ತ್ರಿ. "ಹಿಂದೆ ಗಾಡಿ ಮಾರುವವರು ಹೌಸಿಂಗ್‌ಗೆ ಮರದ ಹೊಟ್ಟು ತುಂಬ್ತಿದ್ರಂತೆ, ಗೊತ್ತುಂಟಾ?"

ಇಳಿಸಿದ ಆಯಿಲನ್ನು ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಸೋಸಿದರು. ಇದು ನನಗೆ ಇಷ್ಟವಾದ ಕೆಲಸ. ಸುದ್ದಿಯ ಮೂಲ ಪರೀಕ್ಷಿಸಿದ ಹಾಗೆ. ಬಟ್ಟೆಯ ಮೇಲೆ ಬೂದು ಬಣ್ಣದ ನುಣ್ಣನೆ ಹಿಟ್ಟು ಉಳಿಯಿತು. ಅದು ಸಹಜ ಸವೆತ. ಚೂರು, ಹಲ್ಲಿನ ತುಣುಕು, ಹೊಳೆಯುವ ಚಕ್ಕೆ ಇದ್ದರೆ ಹೆದರಬೇಕು. ಒಂದೂ ಇರಲಿಲ್ಲ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಕ್ರೌನಿನ ಒಂದೊಂದು ಹಲ್ಲೂ ನೋಡಿದೆವು. ಗಟ್ಟಿಯಾಗಿತ್ತು.

ಬೇರಿಂಗ್ ಆಕ್ಸಲ್‌ಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಸುತ್ತಿಗೆಯಲ್ಲಿ ಬಡಿದು ತೆಗೆಯುವ ಕೆಲಸ ಅಲ್ಲ. ಅಣ್ಣ ಆಕ್ಸಲನ್ನು ಬಸ್ಸಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿ ಲೇತಿನವರ ಪ್ರೆಸ್‌ನಲ್ಲಿ ಬದಲಾಯಿಸಿಕೊಂಡು ಬಂದ. ಮಳೆ ಜೋರಾಗಿ, ಕರೆಂಟಿಲ್ಲದೆ ಅಲ್ಲಿ ಒಂದು ದಿನ ಹೆಚ್ಚು ಹಿಡಿಯಿತು. ನಡುವೆ ಮಂಗಳವಾರ ಬಂತು. ಅಣ್ಣ ಇರಲಿಲ್ಲ. ಪಕ್ಕದ ಮನೆಯ ಇಬ್ಬರು ಅಪ್ಪಯ್ಯನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಕಾಲಿಗೆ ಅಡಿಕೆ ದಬ್ಬೆ ಕಟ್ಟಿ, ಮಳೆಯಲ್ಲಿ ಚಡಾವು ಹತ್ತಿಸಿದರು. ನಾನು ಕೊಡೆ ಹಿಡಿದಿದ್ದೆ. ಮೇಲೆ ಬಾಡಿಗೆ ಜೀಪು ಕಾಯುತ್ತಿತ್ತು. ಅಪ್ಪಯ್ಯ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ, ಎರಡೂ ಕೈಯಲ್ಲಿ ದಬ್ಬೆ ಗಟ್ಟಿಯಾಗಿ ಹಿಡಿದಿದ್ದರು. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ ಅಲ್ಲ ಎಂದು ಹೊತ್ತವರ ಉಸಿರಿನಲ್ಲೇ ಕೇಳುತ್ತಿತ್ತು.

ಹೊಸ ಬೇರಿಂಗ್, ಸೀಲ್, ಬ್ರೇಕ್ ಶೂ, ಕ್ರಾಸ್ ಎಲ್ಲ ಕೂತ ಮೇಲೆ ಆಯಿಲ್‌ನ ಪ್ರಶ್ನೆ. ಬೇಕಾದದ್ದು 80ಡಬ್ಲ್ಯೂ-90, ಜಿಎಲ್-5 ದರ್ಜೆಯದು. ಗ್ಯಾರೇಜಿನ ಮಾತಿನಲ್ಲಿ 90 ನಂಬರ್. ಅಂಗಡಿಯವರು ಜೊತೆಗೆ ಒಂದು ಸಣ್ಣ ಬಾಟಲಿ ಕೊಡಲು ನೋಡಿದರು, ಲಾಕ್ ಇರುವ ಗಾಡಿಗೆ ಇದನ್ನು ಸೇರಿಸಲೇಬೇಕು ಎಂದು. ಪ್ಲೇಟು ಜಾರಲಿ ಎಂದು ಹಾಕುವ ಔಷಧಿ ಅದು. ಕೆಲವು ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗಳಿಗೆ ಅದು ಬೇಕು. ಈ ಬಗೆಯ ಲಾಕ್‌ಗೆ ಹಾಕಬೇಡಿ ಎಂದು ಪುಸ್ತಿಕೆ ಹೇಳುತ್ತಿತ್ತು, ಈಟನ್‌ನವರು ಹೇಳುವುದೂ ಅದನ್ನೇ. ಪ್ಲೇಟು ಹೆಚ್ಚು ಜಾರಿದರೆ ಲಾಕ್ ಹಿಡಿಯುವುದಾದರೂ ಹೇಗೆ? ಬಾಟಲಿ ವಾಪಸ್ ಕೊಟ್ಟೆ.

ಇನ್ನು ಕೊರ್ರ್ ಎನ್ನುವ ಪ್ಲೇಟುಗಳಿಗೆ ಹೊಸ ಆಯಿಲ್ ಇಳಿಯಬೇಕಲ್ಲ. ಅದಕ್ಕೆ ಎಂಟರ ಆಕಾರದಲ್ಲಿ ನಿಧಾನ ಸುತ್ತಬೇಕು, ಎಡಕ್ಕಷ್ಟು ಬಲಕ್ಕಷ್ಟು. ಹೈಸ್ಕೂಲು ಮೈದಾನದಲ್ಲಿ ಸಂಜೆ ಸುತ್ತಿದೆ. ಮಳೆ ಬಿಟ್ಟಿತ್ತು. ಕಬಡ್ಡಿ ಆಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿ ಕಟ್ಟೆ ಮೇಲೆ ಸಾಲಾಗಿ ಕೂತರು. ಐದನೇ ಸುತ್ತಿಗೆ ಒಬ್ಬ "ಅಕ್ಕಾ, ಡ್ರೈವಿಂಗ್ ಕಲೀತಾ ಇದ್ದೀರಾ?" ಎಂದು ಕೂಗಿದ. ಹೌದು ಎಂದೆ. ಹತ್ತನೇ ಸುತ್ತಿಗೆ ಕೊರ್ರ್ ಕಡಿಮೆಯಾಯಿತು. ಮಾರನೆ ದಿನ ಆ ಆಯಿಲನ್ನೂ ಇಳಿಸಿ ಮತ್ತೆ ಹೊಸದು ತುಂಬಿದೆವು, ಹಳೆಯ 140ರ ಅಂಟು ಉಳಿಯದಿರಲಿ ಎಂದು. ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮೊದಲ ತಿರುವಿನಲ್ಲಿ ಈಗಲೂ ಒಮ್ಮೆ ಕೊರ್ರ್ ಎನ್ನುತ್ತದೆ. ಪ್ಲೇಟುಗಳು ಒಂದಷ್ಟು ಸುಟ್ಟಿರಬಹುದು, ಇನ್ನೆರಡು ವರ್ಷ ನೋಡೋಣ ಎಂದಿದ್ದಾರೆ ಮೇಸ್ತ್ರಿ. ಹಿಂದಿನ ಎರಡು ಟಯರಿನ ಸುತ್ತಳತೆಯನ್ನು ಹಗ್ಗದಲ್ಲಿ ಅಳೆದು, ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಇದೆ ಎಂದು ಮುಂದಿನ ಸಮ ಜೋಡಿಯನ್ನು ಹಿಂದಕ್ಕೆ ಹಾಕಿಸಿದರು. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಪ್ಲೇಟು ಉಜ್ಜುತ್ತಲೇ ಇರುತ್ತದೆ.

ಎಲ್ಲ ಸೇರಿ ಖರ್ಚು 7,350 ರೂಪಾಯಿ. ಮೇಸ್ತ್ರಿ ಲಾಕ್ ಇದೆ ಎಂದು ರೇಟು ಏರಿಸಲಿಲ್ಲ. ಚೀಟಿಯ ಕೊನೆಯಲ್ಲಿ "ಸ್ಕ್ರೂಡ್ರೈವರ್ — 120" ಎಂದು ಬರೆದಿದ್ದರು. ಅಣ್ಣ "ಇದೆಂಥದು?" ಎಂದು ಕೇಳಿದ. ನಾನು ನನ್ನ ಪರ್ಸಿನಿಂದ ಕೊಟ್ಟೆ.

ಹುಡುಗ ಇನ್ನೂ ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಆದರೆ ಪುಸ್ತಿಕೆಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾನೆ. ಮೂರನೇ ಪುಟದ ಆ ಚೌಕಟ್ಟನ್ನು ಕನ್ನಡದಲ್ಲಿ ಬರೆದುಕೊಡಿ ಎಂದ. ದಪ್ಪ ಪೆನ್ನಿನಲ್ಲಿ ಬರೆದುಕೊಟ್ಟೆ. ಅದನ್ನು ಜಾಕ್ ಇಡುವ ಮೂಲೆಯ ಗೋಡೆಗೆ ಅಂಟಿಸಿದ್ದಾನೆ. ಅದರ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಾನೆ: "ಗಾಡಿಗೆ ಲಾಕ್ ಇದ್ದರೆ ಮೊದಲೇ ಹೇಳಿ."

ಪುನರ್ವಸು ಮಳೆ ಚಚ್ಚುತ್ತಿದ್ದ ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಚಡಾವಿನ ಅರ್ಧಕ್ಕೆ ಎಡಚಕ್ರ ಜಾರಿತು. ಅಪ್ಪಯ್ಯ ಮುಂದಿನ ಹಿಡಿಕೆ ಹಿಡಿದುಕೊಂಡರು. 'ಟಕ್' ಎಂದಿತು.

"ಹಾಂ, ಹಿಡೀತು," ಎಂದರು.

ಮೇಲೆ ಬಂದ ಮೇಲೆ ಕಿಟಕಿಯ ಗಾಜು ಏರಿಸಿ ತಲೆ ಓರೆ ಮಾಡಿ ಕೂತರು. ನಲವತ್ತು ದಾಟಿತು, ಐವತ್ತು ದಾಟಿತು. ಏನೂ ಹೇಳಲಿಲ್ಲ. ಪೇಟೆಯ ಹತ್ತಿರ ಬಂದಾಗ, "ಎದುರಿನ ವೈಪರ್ ಕಿರುಗುಟ್ತದೆ ನೋಡು," ಎಂದರು.